ಬಳಕೆ, ಒಡೆತನ, ಪ್ರಾರ್ಥನೆ: ಫ್ರಾನ್ಸಿಸ್ಕನ್ ಬಡತನದ ಎಂಟು ಶತಮಾನ



ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರ ವಿಳಾಸಗಳಲ್ಲಿ ಎರಡು ಹೆಸರುಗಳು ಪದೇ ಪದೇ ಬರುತ್ತವೆ: ಸಾನ್ ಫ್ರಾನ್ಸಿಸ್ಕೊ ಮತ್ತು ಸಾಂಟಾ ಕ್ಲಾರಾ. ಇವೆರಡೂ ಇಟಲಿಯ ಅಸ್ಸಿಸಿ ಎಂಬ ಪುಟ್ಟ ಪಟ್ಟಣದಲ್ಲಿ ಹುಟ್ಟಿ ಬೆಳೆದ ಇಬ್ಬರ ಹೆಸರುಗಳು. ದಕ್ಷಿಣದ ಲಾಸ್ ಏಂಜಲೀಸ್ ನಗರದ ಹೆಸರಿನ ಮೂಲವೂ ಅದೇ ಅಸ್ಸಿಸಿಯ ಹೊರವಲಯದ ಪೋರ್ಸಿಯುಂಕುಲಾ ಎಂಬ ಸಣ್ಣ ಗುಡಿಯವರೆಗೆ ಹೋಗುತ್ತದೆ. 1769ರಲ್ಲಿ ಸ್ಪೇನಿನ ಪಡೆಯೊಂದಿಗೆ ಬಂದ ಫ್ರಾನ್ಸಿಸ್ಕನ್ ಸೋದರರು ಅಲ್ಲಿನ ನದಿಗೆ ಆ ಗುಡಿಯ ದೇವದೂತರ ಮಾತೆಯ ಹೆಸರಿಟ್ಟರು. ಭೂಮಿಯ ಮೇಲೆ ಯಾವುದೂ ತಮ್ಮದೆನಿಸಬಾರದು ಎಂದು ಹಟ ಹಿಡಿದ ಇಬ್ಬರ ಹೆಸರನ್ನು ಹೊತ್ತ ನೆಲ ಇಂದು ಜಗತ್ತಿನ ಅತ್ಯಂತ ದುಬಾರಿ ನಿವೇಶನಗಳ ಸಾಲಿನಲ್ಲಿದೆ. ಮೂವತ್ತು ವರ್ಷಗಳ ಮನೆಸಾಲಕ್ಕೆ ಸಹಿ ಹಾಕುವವರು ಆ ಹೆಸರಿನ ಕೆಳಗೇ ಸಹಿ ಹಾಕುತ್ತಾರೆ.

ಇದನ್ನು ಇತಿಹಾಸದ ವ್ಯಂಗ್ಯವೆಂದು ನಕ್ಕು ಬಿಡಬಹುದು. ಆದರೆ ಆ ಇಬ್ಬರು ಎತ್ತಿದ ಪ್ರಶ್ನೆ ಇನ್ನೂ ಮುಗಿದಿಲ್ಲ. ಒಡೆತನವಿಲ್ಲದೆ ಬಳಸಲು ಮನುಷ್ಯರಿಗೆ ಸಾಧ್ಯವೆ? ಒಂದು ಸಮುದಾಯ ಆಸ್ತಿಯಿಲ್ಲದೆ, ಆಸ್ತಿಯ ಹಕ್ಕೂ ಇಲ್ಲದೆ ಬಾಳಬಲ್ಲುದೆ? ಈ ಪ್ರಶ್ನೆಗೂ ಪ್ರಾರ್ಥನೆಗೂ ಏನು ಸಂಬಂಧ? ಎಡಪಂಥೀಯ ಚಿಂತನೆ ಸಾಮಾನ್ಯವಾಗಿ ಬಡತನದ ಭಾಗವನ್ನಷ್ಟೇ ಕೈಗೆತ್ತಿಕೊಂಡು ಪ್ರಾರ್ಥನೆಯನ್ನು ಬದಿಗಿಡುತ್ತದೆ. ಭಕ್ತರು ಪ್ರಾರ್ಥನೆಯನ್ನು ಉಳಿಸಿಕೊಂಡು ಬಡತನವನ್ನು ಪೀಠದ ಮೇಲಿನ ಪ್ರತಿಮೆಯಾಗಿಸುತ್ತಾರೆ. ಫ್ರಾನ್ಸಿಸ್ಕನ್ ಸಭೆಯ ಮೂಲ ಬರಹಗಳಲ್ಲಿ ಮಾತ್ರ ಇವು ಎರಡಲ್ಲ. ಎರಡಕ್ಕೂ ಒಬ್ಬನೇ ಶತ್ರು: 'ನನ್ನದು' ಎಂದು ವಶಪಡಿಸಿಕೊಳ್ಳುವ ಕೈ.

ಫ್ರಾನ್ಸಿಸ್ ಹುಟ್ಟಿದ್ದು 1181 ಅಥವಾ 1182ರಲ್ಲಿ, ಬಟ್ಟೆ ವ್ಯಾಪಾರಿ ಪಿಯೆತ್ರೊ ಡಿ ಬೆರ್ನಾರ್ದೋನೆಯ ಮಗನಾಗಿ. ಆ ಕಾಲದ ಅಸ್ಸಿಸಿ ಎರಡು ಬಣಗಳಾಗಿ ಒಡೆದಿತ್ತು. ಊಳಿಗಮಾನ್ಯ ಒಡೆಯರು 'ಮಯೋರೆಸ್', ಎಂದರೆ ದೊಡ್ಡವರು. ಉಳಿದವರು 'ಮಿನೋರೆಸ್', ಎಂದರೆ ಚಿಕ್ಕವರು. ಹೊಸ ಹಣದ ವರ್ತಕರು ಚಿಕ್ಕವರ ಸಾಲಿನಿಂದ ದೊಡ್ಡವರ ಸಾಲಿಗೆ ಏರಲು ಹವಣಿಸುತ್ತಿದ್ದರು. 1202ರಲ್ಲಿ ಪೆರೂಜಿಯಾ ನಗರದೊಡನೆ ನಡೆದ ಕಾಳಗದಲ್ಲಿ ಸೆರೆಸಿಕ್ಕ ಫ್ರಾನ್ಸಿಸ್ ಸುಮಾರು ಒಂದು ವರ್ಷ ಬಂದಿಖಾನೆಯಲ್ಲಿದ್ದ. 1206ರಲ್ಲಿ ತಂದೆ ಮಗನನ್ನು ಧರ್ಮಾಧ್ಯಕ್ಷರ ಮುಂದೆ ನಿಲ್ಲಿಸಿ ಹಣದ ಲೆಕ್ಕ ಕೇಳಿದಾಗ, ಮಗ ಹಣದ ಜೊತೆಗೆ ಮೈಮೇಲಿನ ಬಟ್ಟೆಯನ್ನೂ ಕಳಚಿ ಕೊಟ್ಟ ಕತೆ ಪ್ರಸಿದ್ಧ. ಅದಕ್ಕಿಂತ ಹೆಚ್ಚು ಅರ್ಥವತ್ತಾದುದು ಮುಂದೆ ಅವನು ತನ್ನ ಗುಂಪಿಗೆ ಇಟ್ಟ ಹೆಸರು: 'ಫ್ರಾತ್ರೆಸ್ ಮಿನೋರೆಸ್', ಚಿಕ್ಕ ಸೋದರರು. ಊರೆಲ್ಲ ಮೇಲೇರುವ ಏಣಿಯ ಮೇಲಿದ್ದಾಗ, ಅವನು ಇಳಿಯುವ ಮೆಟ್ಟಿಲಿಗೆ ಹೆಸರು ಕೊಟ್ಟ.

ಸಾಯುವ ಮುನ್ನ, 1226ರಲ್ಲಿ, ಬರೆಸಿದ ಮರಣಶಾಸನದಲ್ಲಿ ಫ್ರಾನ್ಸಿಸ್ ತನ್ನ ಬದಲಾವಣೆಯ ಆರಂಭವನ್ನು ಕುಷ್ಠರೋಗಿಗಳ ಸಹವಾಸದಲ್ಲಿ ಗುರುತಿಸುತ್ತಾನೆ. ಮೊದಲು ಕಹಿಯಾಗಿದ್ದದ್ದು ಅವರ ನಡುವೆ ಸಿಹಿಯಾಯಿತೆಂಬ ಮಾತು ಅಲ್ಲಿದೆ. ಇಲ್ಲಿ ಬಡತನವೆಂದರೆ ಮೊದಲು ನಿಲ್ಲುವ ಜಾಗ: ಊರಿನ ಗೋಡೆಯ ಹೊರಗೆ, ಮುಟ್ಟಬಾರದವರ ಪಕ್ಕದಲ್ಲಿ. ಆಸ್ತಿ ಬಿಡುವುದು ಆಮೇಲಿನ ಮಾತು. ಆಸ್ತಿ ಏಕೆ ಬೇಡವೆಂದು ಅಸ್ಸಿಸಿಯ ಧರ್ಮಾಧ್ಯಕ್ಷರು ಕೇಳಿದಾಗ ಅವನು ಕೊಟ್ಟ ಉತ್ತರವನ್ನು ಸಂಗಾತಿಗಳ ನೆನಪಿನ ಕಥನವೊಂದು ಉಳಿಸಿಕೊಂಡಿದೆ. ಆಸ್ತಿ ಇದ್ದರೆ ಅದನ್ನು ಕಾಯಲು ಆಯುಧ ಬೇಕಾಗುತ್ತದೆ. ಜಗಳ, ವ್ಯಾಜ್ಯಗಳು ಹುಟ್ಟುವುದು ಅಲ್ಲಿಂದಲೇ ಎಂಬುದು ಅದರ ಸಾರ. ಯುದ್ಧಕೈದಿಯಾಗಿದ್ದವನ ಅನುಭವದ ಮಾತು ಅದು.

1223ರ ನವೆಂಬರ್ 29ರಂದು ಪೋಪ್ ಮೂರನೆಯ ಹೊನೋರಿಯಸ್ ಅನುಮೋದಿಸಿದ ನಿಯಮಾವಳಿಯಲ್ಲಿ ಮೂರು ಅಧ್ಯಾಯಗಳು ಒಂದರ ಹಿಂದೆ ಒಂದು ಬರುತ್ತವೆ. ನಾಲ್ಕನೆಯದು ನಾಣ್ಯವನ್ನು ಮುಟ್ಟಕೂಡದೆನ್ನುತ್ತದೆ. ಐದನೆಯದು ದುಡಿಮೆಯ ಬಗ್ಗೆ. ದುಡಿಯಬಲ್ಲವರು ದುಡಿಯಲಿ, ಆದರೆ ಪ್ರಾರ್ಥನೆಯ ಚೈತನ್ಯ ಆರಿಹೋಗದಂತೆ ದುಡಿಯಲಿ ಎಂಬುದು ಅದರ ಆಶಯ. ಆರನೆಯದು ಮನೆಯನ್ನಾಗಲಿ, ಸ್ಥಳವನ್ನಾಗಲಿ, ಬೇರಾವುದನ್ನಾಗಲಿ ತಮ್ಮದಾಗಿಸಿಕೊಳ್ಳಬೇಡಿ ಎನ್ನುತ್ತದೆ. ಹಣ ಮತ್ತು ಆಸ್ತಿ ಎಂಬ ಎರಡು ನಿಷೇಧಗಳ ನಡುವೆ ದುಡಿಮೆ ಮತ್ತು ಪ್ರಾರ್ಥನೆ ಕುಳಿತಿವೆ. ಪಾದುವಾದ ಅಂತೋಣಿ ಸೋದರರಿಗೆ ದೇವತಾಶಾಸ್ತ್ರ ಕಲಿಸಲು ಅನುಮತಿ ಕೊಟ್ಟು ಬರೆದ ಪುಟ್ಟ ಪತ್ರದಲ್ಲೂ ಫ್ರಾನ್ಸಿಸ್ ಹಾಕಿದ್ದು ಇದೇ ಷರತ್ತು. ಕೈದುಡಿಮೆಗೂ ಪಾಂಡಿತ್ಯಕ್ಕೂ ಒಂದೇ ಎಲ್ಲೆ.

ಪ್ರಾರ್ಥನೆ ಎಂದರೆ ಇಲ್ಲಿ ಗಂಟೆ ಎಣಿಸುವ ಜಪ ಅಲ್ಲ. ಯಾವುದನ್ನೂ ಸಂಪಾದಿಸದ, ಯಾವುದನ್ನೂ ತನ್ನ ಹೆಸರಿಗೆ ಬರೆದುಕೊಳ್ಳದ ಹೊತ್ತು ಅದು. ಆದರೆ ಅಂಥ ಹೊತ್ತು ಸುಮ್ಮನೆ ಸಿಗುವುದಿಲ್ಲ. ಒಬ್ಬರು ಕಣ್ಣುಮುಚ್ಚಿ ಕುಳಿತಾಗ ಇನ್ನಾರೋ ಒಲೆಯ ಮುಂದೆ ಕುಳಿತಿರುತ್ತಾರೆ. ಯುರೋಪಿನ ಅನೇಕ ಮಠಗಳಲ್ಲಿ ಸನ್ಯಾಸಿಗಳ ಕೀರ್ತನೆಯ ಹಿಂದೆ ಜೀತದ ರೈತರ, ಕೆಳದರ್ಜೆಯ ಸೋದರರ ಬೆವರಿತ್ತು. ಗುಡ್ಡಗಳ ಏಕಾಂತ ಕುಟೀರಗಳಿಗಾಗಿ ಫ್ರಾನ್ಸಿಸ್ ಬರೆದ ಕಿರುನಿಯಮ ಈ ಗಂಟಿಗೆ ನೇರವಾಗಿ ಕೈಹಾಕುತ್ತದೆ. ಮೂವರೋ ನಾಲ್ವರೋ ಒಟ್ಟಿಗಿರಲಿ. ಇಬ್ಬರು ತಾಯಂದಿರಾಗಲಿ, ಉಳಿದವರು ಮಕ್ಕಳಾಗಲಿ. ತಾಯಂದಿರು ಮಕ್ಕಳ ಏಕಾಂತವನ್ನು ಕಾಯಲಿ, ಅವರ ಅಗತ್ಯಗಳನ್ನು ನೋಡಿಕೊಳ್ಳಲಿ. ಸರದಿ ಬಂದಾಗ ಮಕ್ಕಳು ತಾಯಂದಿರಾಗಲಿ. ಗಂಡಸರ ಗುಂಪೊಂದಕ್ಕೆ ಹದಿಮೂರನೆಯ ಶತಮಾನದಲ್ಲಿ ಕೊಟ್ಟ ಸೂಚನೆ ಇದು. ಧ್ಯಾನದ ಹಕ್ಕು ಮತ್ತು ಅಡುಗೆಯ ಹೊರೆ ಒಂದೇ ಕೈಯಲ್ಲಿ ನಿಲ್ಲದೆ ತಿರುಗುತ್ತಿರಬೇಕು. ಪ್ರಾರ್ಥನೆಯೂ ಯಾರೊಬ್ಬರ ಆಸ್ತಿಯಾಗಬಾರದು.

ಅವನ ಉಪದೇಶಗಳ ಸಂಗ್ರಹದಲ್ಲಿ ಇದೇ ತರ್ಕದ ಇನ್ನೊಂದು ಮುಖವಿದೆ. ಪ್ರಾರ್ಥನೆ, ಉಪವಾಸಗಳಲ್ಲಿ ಮುಳುಗಿದವನು ತನ್ನನ್ನು ಕುರಿತ ಒಂದು ಮಾತಿಗೆ, ತನ್ನಿಂದ ಕಸಿದುಕೊಂಡ ಒಂದು ವಸ್ತುವಿಗೆ ಸಿಡಿದೆದ್ದರೆ ಅವನು ಬಡವನಲ್ಲ ಎಂಬುದು ಅದರ ತಿರುಳು. ಹರಕು ಅಂಗಿ ತೊಟ್ಟವನೂ ತನ್ನ ಪುಣ್ಯದ ಜಮೀನ್ದಾರನಾಗಬಹುದು.

ಈ ಸಭೆಯ ಕತೆಯಲ್ಲಿ ಕ್ಲಾರಾಳನ್ನು ಸಾಮಾನ್ಯವಾಗಿ ಅಂಚಿನಲ್ಲಿಡುತ್ತಾರೆ. ವಾಸ್ತವದಲ್ಲಿ ಬಡತನಕ್ಕಾಗಿ ಅತಿ ದೀರ್ಘ ಹೋರಾಟ ನಡೆಸಿದವಳು ಅವಳೇ. ಶ್ರೀಮಂತ ಮನೆತನದ ಈ ಹೆಣ್ಣು ಹದಿಹರೆಯದಲ್ಲಿ ರಾತ್ರಿ ಮನೆ ಬಿಟ್ಟು ಪೋರ್ಸಿಯುಂಕುಲಾ ಸೇರಿದಳು. ಆಮೇಲಿನ ನಾಲ್ಕು ದಶಕ ಸಾನ್ ದಾಮಿಯಾನೊ ಮಠದೊಳಗೆ ಬಾಳಿದಳು. ಹೆಣ್ಣುಮಕ್ಕಳ ಮಠಕ್ಕೆ ಸ್ಥಿರ ಆದಾಯ ಬೇಕೆಂಬುದು ರೋಮಿನ ವಾದ. ಅದರಲ್ಲಿ ಕಾಳಜಿ ಇತ್ತು, ಹತೋಟಿಯೂ ಇತ್ತು: ಆಸ್ತಿ ಕೊಟ್ಟವರು ಮೇಲ್ವಿಚಾರಕರನ್ನೂ ಕೊಡುತ್ತಾರೆ. ಪೋಪ್ ಒಂಬತ್ತನೆಯ ಗ್ರೆಗರಿ ಅವಳನ್ನು ವ್ರತದಿಂದ ಬಿಡಿಸುತ್ತೇನೆಂದಾಗ, ಕ್ರಿಸ್ತನ ಹಿಂದೆ ನಡೆಯುವುದರಿಂದ ಬಿಡುಗಡೆ ತನಗೆ ಬೇಡವೆಂದಳು. 1228ರಲ್ಲಿ ಅವಳು ಪಡೆದುಕೊಂಡದ್ದು 'ಬಡತನದ ವಿಶೇಷಾಧಿಕಾರ'. ಆಸ್ತಿ ಹೊಂದುವಂತೆ ಯಾರೂ ಒತ್ತಾಯಿಸಲಾರದ ಹಕ್ಕು. ಸವಲತ್ತು ಬೇಡವೆನ್ನುವ ಸವಲತ್ತು ಅದು. 1230ರಲ್ಲಿ ಪೋಪರು ಬೋಧಕ ಸೋದರರು ಮಠಕ್ಕೆ ಬರುವುದಕ್ಕೆ ಕಡಿವಾಣ ಹಾಕಿದಾಗ, ಆತ್ಮದ ರೊಟ್ಟಿ ಕೊಡುವವರಿಲ್ಲದಿದ್ದರೆ ಹೊಟ್ಟೆಯ ರೊಟ್ಟಿ ತರುವವರೂ ಬೇಡವೆಂದು ಭಿಕ್ಷೆ ತರುವ ಸೋದರರನ್ನು ಅವಳು ವಾಪಸು ಕಳಿಸಿದಳು. ಇದು ಉಪವಾಸ ಸತ್ಯಾಗ್ರಹವಲ್ಲದೆ ಬೇರೇನಲ್ಲ; ಪೋಪರು ಮಣಿದರು. ಅವಳು ಬರೆದ ನಿಯಮಾವಳಿಗೆ ಅನುಮೋದನೆ ಸಿಕ್ಕಿದ್ದು 1253ರ ಆಗಸ್ಟ್ 9ರಂದು. ಆಗಸ್ಟ್ 11ರಂದು ಅವಳು ತೀರಿಕೊಂಡಳು.

ಗಂಡಸರ ಸಭೆಯ ದಾರಿ ಬೇರೆಯಾಯಿತು. ಫ್ರಾನ್ಸಿಸ್ ತೀರಿ ಎರಡು ವರ್ಷಕ್ಕೆ ಅವನು ಸಂತನಾದ. ಅದೇ 1228ರಲ್ಲಿ ಅವನ ಸಮಾಧಿಯ ಮೇಲೆ ಭವ್ಯ ಬೆಸಿಲಿಕಾದ ಕೆಲಸ ಶುರುವಾಯಿತು. 1230ರಲ್ಲಿ ಗ್ರೆಗರಿ ಅವನ ಮರಣಶಾಸನ ಸೋದರರನ್ನು ಕಟ್ಟಿಹಾಕುವುದಿಲ್ಲವೆಂದು ಸಾರಿದರು. 1245ರಲ್ಲಿ ಪೋಪ್ ನಾಲ್ಕನೆಯ ಇನ್ನೊಸೆಂಟ್ ಸೋದರರು ಬಳಸುವ ಆಸ್ತಿಯ ಒಡೆತನ ಪೋಪರ ಪೀಠದ್ದೆಂದರು. 1279ರಲ್ಲಿ ಪೋಪ್ ಮೂರನೆಯ ನಿಕೊಲಾಸ್ ಒಡೆತನ, ಸ್ವಾಧೀನ, ಅನುಭೋಗ, ಬಳಕೆಯ ಹಕ್ಕು ಎಂಬ ನಾಲ್ಕನ್ನೂ ಸೋದರರಿಂದ ತೆಗೆದು, ಅವರಿಗೆ 'ಬರೀ ಬಳಕೆ'ಯನ್ನು ಮಾತ್ರ ಉಳಿಸಿದರು. ಸೋದರನೊಬ್ಬ ಬಳಸುವ ಪುಸ್ತಕವನ್ನು ಯಾರಾದರೂ ಕಿತ್ತುಕೊಂಡರೆ ಅವನು ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಬೆರ್ಗಾಮೊದ ಬೊನಗ್ರಾತಿಯಾ ಎಂಬ ಫ್ರಾನ್ಸಿಸ್ಕನ್ ವಕೀಲ ಇದಕ್ಕೊಂದು ಸೊಗಸಾದ ಹೋಲಿಕೆ ಕೊಟ್ಟ: ಕುದುರೆ ಓಟ್ಸ್ ತಿನ್ನುತ್ತದೆ, ಆ ಓಟ್ಸಿನ ಒಡೆಯನಾಗದೆ.

ಕಾಗದದ ಮೇಲೆ ಇದು ಬಡತನದ ಶುದ್ಧ ರೂಪ. ನೆಲದ ಮೇಲೆ ಅದು ಮರೆಯಾಯಿತು. ಒಡೆತನ ಪೋಪರದ್ದಾದ ಮೇಲೆ ಕಣಜ ತುಂಬಿದರೇನು, ದ್ರಾಕ್ಷಾರಸದ ನೆಲಮಾಳಿಗೆ ಕಟ್ಟಿದರೇನು? ದಕ್ಷಿಣ ಫ್ರಾನ್ಸಿನ ಪೀಟರ್ ಜಾನ್ ಒಲಿವಿ ಈ ಬಿರುಕನ್ನು ತೋರಿಸಿದ. ಒಡೆತನ ಬಿಟ್ಟರೆ ಸಾಲದು, ಬಳಕೆಯೂ ಬಡವಾಗಿರಬೇಕು ಎಂಬುದು ಅವನ ನಿಲುವು. ಅವನ ಹಾದಿ ಹಿಡಿದ 'ಆತ್ಮವಾದಿ' ಸೋದರರು ಮೋಟು ಅಂಗಿ ತೊಟ್ಟು, ಕಣಜಗಳನ್ನು ಧಿಕ್ಕರಿಸಿದರು. 1317ರಲ್ಲಿ ಪೋಪ್ ಇಪ್ಪತ್ತೆರಡನೆಯ ಜಾನ್, ಅಂಗಿಯ ಅಳತೆಯನ್ನೂ ಕಣಜದ ಅಗತ್ಯವನ್ನೂ ಮೇಲಧಿಕಾರಿಗಳೇ ತೀರ್ಮಾನಿಸಬೇಕೆಂದು, ಬಡತನಕ್ಕಿಂತ ವಿಧೇಯತೆ ದೊಡ್ಡದೆಂದು ವಿಧಿಸಿದರು. ಒಪ್ಪದ ನಾಲ್ವರು ಸೋದರರನ್ನು 1318ರ ಮೇ 7ರಂದು ಮಾರ್ಸೇಲ್ಸ್ ನಗರದಲ್ಲಿ ಸುಡಲಾಯಿತು.

ಅಷ್ಟಕ್ಕೆ ನಿಲ್ಲಲಿಲ್ಲ. 1322ರಲ್ಲಿ ಅದೇ ಪೋಪರು ಮರೆಯನ್ನೇ ಹರಿದುಹಾಕಿದರು. ತಿಂದರೆ ಮುಗಿದುಹೋಗುವ ರೊಟ್ಟಿ, ಗಿಣ್ಣು, ಮೊಟ್ಟೆಯಂಥ ವಸ್ತುಗಳಲ್ಲಿ ಬಳಕೆಯನ್ನು ಒಡೆತನದಿಂದ ಬೇರ್ಪಡಿಸಲಾಗದು. ಆದ್ದರಿಂದ ಪೋಪರ ಪೀಠ ಇನ್ನು ಹೆಸರಿಗೆ ಮಾತ್ರದ ಒಡೆಯನಾಗಿರುವುದಿಲ್ಲ ಎಂದರು. ಈ ತರ್ಕವನ್ನು ತಳ್ಳಿಹಾಕುವುದು ಸುಲಭವಲ್ಲ. 1323ರ ನವೆಂಬರ್ 12ರಂದು, ಕ್ರಿಸ್ತನೂ ಶಿಷ್ಯರೂ ಏನನ್ನೂ ಹೊಂದಿರಲಿಲ್ಲವೆಂದು ಹಟ ಹಿಡಿಯುವುದು ಪಾಷಂಡವಾದವೆಂದು ಘೋಷಿಸಿದರು. ಸಭೆಯ ಮಹಾಪ್ರಧಾನ ಚೆಸೇನಾದ ಮಿಖಾಯೇಲ, ಬೊನಗ್ರಾತಿಯಾ, ಇಂಗ್ಲೆಂಡಿನ ತತ್ವಜ್ಞಾನಿ ಆಕಮ್‌ನ ವಿಲಿಯಂ ಮೂವರೂ 1328ರ ಮೇ ತಿಂಗಳ ಒಂದು ರಾತ್ರಿ ಅವಿಞೋನ್ ಬಿಟ್ಟು ಪರಾರಿಯಾದರು. ಬಡತನದ ಬಗೆಗಿನ ವಾದ ಅವರನ್ನು ದೇಶಭ್ರಷ್ಟರನ್ನಾಗಿಸಿತು. ಆಶ್ರಯ ಸಿಕ್ಕಿದ್ದು ಪೋಪರ ಶತ್ರುವಾಗಿದ್ದ ಬವೇರಿಯಾದ ಲೂಯಿ ದೊರೆಯ ನೆರಳಿನಲ್ಲಿ.

ಈ ಜಗಳದಲ್ಲಿ ಯಾರ ಪಕ್ಷ ವಹಿಸುವುದು? ಸುಡಲ್ಪಟ್ಟವರ ಪಕ್ಷ ಎಂಬುದು ಮನಸ್ಸಿನ ಮೊದಲ ಉತ್ತರ. ಆದರೂ ಒಂದು ಮಾತು ಉಳಿಯುತ್ತದೆ. ಒಂದು ಬಣ ಕಾನೂನಿನ ಮರೆಯಲ್ಲಿ ಸುಖಪಟ್ಟಿತು. ಇನ್ನೊಂದು ಬಣ ಬಡತನವನ್ನೇ ತನ್ನ ಒಡೆತನವಾಗಿಸಿಕೊಳ್ಳುವ ಅಂಚಿಗೆ ಹೋಯಿತು. ಅಂಗಿಯ ಉದ್ದ ಅಳೆಯುವ ಹೊತ್ತಿಗೆ ಗೋಡೆಯ ಹೊರಗಿನ ಕುಷ್ಠರೋಗಿ ಇಬ್ಬರ ವಾದದಿಂದಲೂ ಬಹುಮಟ್ಟಿಗೆ ಮರೆಯಾಗಿದ್ದ. ಆಮೇಲೆ ಸಭೆ ಮತ್ತೆ ಮತ್ತೆ ಒಡೆಯಿತು: 1517ರಲ್ಲಿ ಎರಡು ಸಭೆಗಳಾಯಿತು, 1528ರಲ್ಲಿ ಕಪುಚಿನ್ನರು ಬಂದರು. ಪ್ರತಿ ಒಡಕೂ ಮೂಲದ ಬಡತನಕ್ಕೆ ಮರಳುವ ಮಾತಿನಿಂದಲೇ ಹುಟ್ಟಿತು.

ಹಣದೊಡನೆ ಈ ಸಭೆಯ ಸಂಬಂಧವೂ ಸರಳವಲ್ಲ. ಬಡವರಿಗೆ ಕಡಿಮೆ ದರದಲ್ಲಿ ಒತ್ತೆಸಾಲ ಕೊಡುವ ಸಾರ್ವಜನಿಕ ನಿಧಿಗಳನ್ನು 1462ರಲ್ಲಿ ಪೆರೂಜಿಯಾದಿಂದ ಮೊದಲ್ಗೊಂಡು ಇಟಲಿಯುದ್ದಕ್ಕೂ ಹರಡಿದವರು ಫ್ರಾನ್ಸಿಸ್ಕನ್ ಬೋಧಕರು. ಅದೇ ಬೋಧಕರಲ್ಲಿ ಹಲವರು, ಫೆಲ್ತ್ರೆಯ ಬೆರ್ನಾರ್ದಿನೊ ಮುಂತಾದವರು, ಯಹೂದಿ ಸಾಲಿಗರ ವಿರುದ್ಧ ಜನರನ್ನು ಕೆರಳಿಸಿದರು. ಬಡವರ ಪರವಾದ ಮಾತು ಅಲ್ಪಸಂಖ್ಯಾತರ ಮೇಲಿನ ದ್ವೇಷಕ್ಕೆ ಹೆಗಲು ಕೊಡುವುದು ಇಂದಿನ ರಾಜಕಾರಣದ ಆವಿಷ್ಕಾರವಲ್ಲ. 1494ರಲ್ಲಿ ವೆನಿಸ್ ನಗರದಲ್ಲಿ ಜಮಾ-ಖರ್ಚಿನ ಜೋಡಿ ನಮೂದು ಪದ್ಧತಿಯನ್ನು ವಿವರಿಸುವ ಗ್ರಂಥ ಅಚ್ಚು ಹಾಕಿಸಿದ ಲೂಕಾ ಪಾಚೋಲಿ ಕೂಡ ನಾಣ್ಯ ಮುಟ್ಟಬಾರದೆಂದ ಈ ಸಭೆಯ ಸೋದರನೇ.

ಅತ್ಯಂತ ಭಾರವಾದ ಅಧ್ಯಾಯ ಇರುವುದು ಕ್ಯಾಲಿಫೋರ್ನಿಯಾದಲ್ಲಿ. 1769ರಿಂದ ಫ್ರಾನ್ಸಿಸ್ಕನ್ನರು ಆ ಕರಾವಳಿಯಲ್ಲಿ ಇಪ್ಪತ್ತೊಂದು ಮಿಷನ್‌ಗಳನ್ನು ಕಟ್ಟಿದರು. 1776ರಲ್ಲಿ ಸಾನ್ ಫ್ರಾನ್ಸಿಸ್ಕೊ, 1777ರಲ್ಲಿ ಸಾಂಟಾ ಕ್ಲಾರಾ, 1797ರಲ್ಲಿ ಇಂದಿನ ಫ್ರೀಮಾಂಟ್ ಊರಿನ ಸಾನ್ ಹೊಸೆ. ಅದು ಓಲೋನಿ ಜನರ ನೆಲ. ದೀಕ್ಷೆ ಪಡೆದ ಮೂಲನಿವಾಸಿಗಳು ಮಿಷನ್ ಬಿಟ್ಟು ಹೋಗುವಂತಿರಲಿಲ್ಲ. ಓಡಿಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದರು, ಚಾಟಿಯೇಟು ಬೀಳುತ್ತಿತ್ತು. ಮದುವೆಯಾಗದ ಹೆಣ್ಣುಮಕ್ಕಳನ್ನು ರಾತ್ರಿ ಕೋಣೆಗಳಲ್ಲಿ ಕೂಡಿ ಬೀಗ ಹಾಕುತ್ತಿದ್ದರು. ದಡಾರದಂಥ ಯುರೋಪಿನ ರೋಗಗಳು ಆ ಇಕ್ಕಟ್ಟಿನಲ್ಲಿ ಸಾವಿರಾರು ಜನರನ್ನು ಕೊಂದವು. ಪಾದ್ರಿಗಳು ಮಾತ್ರ ವೈಯಕ್ತಿಕವಾಗಿ ಬಡವರಾಗಿಯೇ ಇದ್ದರು. ಆ ಭೂಮಿಯೂ ತತ್ವದಲ್ಲಿ ಅವರದಲ್ಲ. ಮೂಲನಿವಾಸಿಗಳ ಪರವಾಗಿ ಅದನ್ನು ನೋಡಿಕೊಳ್ಳುವವರು ಮಾತ್ರ. 1833ರಲ್ಲಿ ಮೆಕ್ಸಿಕೊ ಸರ್ಕಾರ ಮಿಷನ್‌ಗಳನ್ನು ಚರ್ಚಿನ ಕೈಯಿಂದ ತೆಗೆದುಕೊಂಡಾಗ ನೆಲ ಅದರ ಮಕ್ಕಳಿಗೆ ಸೇರಬೇಕಿತ್ತು. ಬಹುಪಾಲು ದೊಡ್ಡ ಜಾನುವಾರು ಜಮೀನ್ದಾರರ ಪಾಲಾಯಿತು. ಮಿಷನ್‌ಗಳ ಸ್ಥಾಪಕ ಹೂನಿಪೆರೊ ಸೆರ್ರಾನನ್ನು 2015ರಲ್ಲಿ ಸಂತನೆಂದು ಸಾರಿದವರು ಅಸ್ಸಿಸಿಯ ಬಡವನ ಹೆಸರನ್ನೇ ಇಟ್ಟುಕೊಂಡ ಪೋಪ್ ಫ್ರಾನ್ಸಿಸ್. ಮೂಲನಿವಾಸಿಗಳ ಸಂಘಟನೆಗಳು ಬೀದಿಗಿಳಿದು ವಿರೋಧಿಸಿದವು. ಮುವೆಕ್ಮಾ ಓಲೋನಿ ಸಮುದಾಯ ತಾನೊಂದು ಜನಾಂಗವೆಂಬ ಅಧಿಕೃತ ಮನ್ನಣೆಗಾಗಿಯೇ ದಶಕಗಳಿಂದ ಹೋರಾಡುತ್ತ ಬಂದಿದೆ.

ಒಡೆತನ ಬಿಟ್ಟವರು ಒಡೆಯರಾದದ್ದು ಹೇಗೆ? ಉತ್ತರ 1221ರ ಹಳೆಯ ನಿಯಮಾವಳಿಯಲ್ಲೇ ಇದೆ. ಅದರ ಏಳನೆಯ ಅಧ್ಯಾಯ, ಪರರ ಮನೆಯಲ್ಲಿ ದುಡಿಯುವ ಸೋದರರು ಖಜಾಂಚಿಗಳೂ ಮೇಲ್ವಿಚಾರಕರೂ ಆಗಕೂಡದು, ಎಲ್ಲರಿಗೂ ಕಿರಿಯರಾಗಿರಬೇಕು ಎನ್ನುತ್ತದೆ. ಹದಿನಾರನೆಯ ಅಧ್ಯಾಯ, ಅನ್ಯಧರ್ಮೀಯರ ನಡುವೆ ಹೋದವರು ವಾದ ಜಗಳಗಳಿಗಿಳಿಯದೆ ಎಲ್ಲ ಮನುಷ್ಯರಿಗೂ ಅಧೀನರಾಗಿ ಬದುಕುವುದನ್ನು ಮೊದಲ ದಾರಿಯೆಂದು ಹೇಳುತ್ತದೆ. 1219ರಲ್ಲಿ, ಧರ್ಮಯುದ್ಧದ ನಡುವೆ, ಫ್ರಾನ್ಸಿಸ್ ಈಜಿಪ್ಟಿನ ಸುಲ್ತಾನ ಅಲ್-ಕಾಮಿಲ್ ಬಳಿಗೆ ಹೋದದ್ದು ನಿರಾಯುಧನಾಗಿ; ಕ್ಯಾಲಿಫೋರ್ನಿಯಾಕ್ಕೆ ಅವನ ಸೋದರರು ಬಂದದ್ದು ಸೈನಿಕರ ಜೊತೆಗೆ. ಬಡತನದ ವ್ರತ ಮುರಿಯದೆಯೇ ಬಡತನದ ಅರ್ಥ ಮುರಿದುಬಿತ್ತು. ಅವರು ಒಡೆತನವನ್ನು ತ್ಯಜಿಸಿದ್ದರು, ಅಧಿಕಾರವನ್ನಲ್ಲ. ಆಸ್ತಿಪತ್ರದಲ್ಲಿ ಹೆಸರಿಲ್ಲದವನ ಕೈಯಲ್ಲೂ ಚಾಟಿ ಇರಬಹುದು.

ಇಷ್ಟೆಲ್ಲ ಆದಮೇಲೂ ಈ ಪರಂಪರೆ ಮೂಲೆಗೆ ಸರಿದಿಲ್ಲ. ಬ್ರೆಜಿಲ್ ದೇಶದ ಫ್ರಾನ್ಸಿಸ್ಕನ್ ಲಿಯೊನಾರ್ದೊ ಬೋಫ್ ವಿಮೋಚನಾ ದೇವತಾಶಾಸ್ತ್ರದ ದನಿಯಾದರು. 1985ರಲ್ಲಿ ರೋಮ್ ಅವರ ಬಾಯಿ ಮುಚ್ಚಿಸಿತು, 1992ರಲ್ಲಿ ಅವರು ಸಭೆಯನ್ನು ತೊರೆದರು. ಹಾರ್ಟ್ ಮತ್ತು ನೆಗ್ರಿ 2000ದಲ್ಲಿ ಪ್ರಕಟಿಸಿದ 'ಎಂಪೈರ್' ಕೃತಿಯನ್ನು ಅಸ್ಸಿಸಿಯ ಫ್ರಾನ್ಸಿಸ್‌ನನ್ನು ನೆನೆದು ಮುಗಿಸುತ್ತಾರೆ. ಇಟಲಿಯ ದಾರ್ಶನಿಕ ಅಗಾಂಬೆನ್ 'ಬರೀ ಬಳಕೆ'ಯ ವಾದಕ್ಕೆ ಒಂದು ಪುಸ್ತಕವನ್ನೇ ಮೀಸಲಿಟ್ಟಿದ್ದಾರೆ.

ಆದರೆ ಈ ಪರಂಪರೆಯ ಮುಂದೆ ಇಡಲೇಬೇಕಾದ ಆಕ್ಷೇಪ ಬಂದದ್ದು ಭಾರತದಿಂದ. ಧರ್ಮವು ಬಡತನವನ್ನು ಪವಿತ್ರಗೊಳಿಸಬಾರದು ಎಂದು ಅಂಬೇಡ್ಕರ್ 1950ರ ತಮ್ಮ ಲೇಖನವೊಂದರಲ್ಲಿ ಬರೆದರು. ಸಿರಿ ಉಳ್ಳವರು ಅದನ್ನು ತೊರೆಯುವುದು ಒಂದು ಸಂಗತಿ; ಬಡತನವೇ ಧನ್ಯವೆನ್ನುವುದು ಬೇರೆಯೇ ಸಂಗತಿ, ಅದು ಸಲ್ಲದು ಎಂಬುದು ಅವರ ನಿಲುವು. ಫ್ರಾನ್ಸಿಸ್‌ಗೆ ಕಳಚಿ ಕೊಡಲು ಬಟ್ಟೆಯಿತ್ತು, ಬಿಟ್ಟು ಬರಲು ಅಪ್ಪನ ಅಂಗಡಿಯಿತ್ತು. ಕುಷ್ಠರೋಗಿಗೆ ಬಿಡಲು ಏನಿತ್ತು? ಈ ಪ್ರಶ್ನೆಯಿಂದ ನುಣುಚಿಕೊಳ್ಳುವ ಯಾವ ಫ್ರಾನ್ಸಿಸ್ಕನ್ ಬಡತನವೂ ಸುಳ್ಳು. ಪ್ರಶ್ನೆಯನ್ನು ಎದುರಿಸಿದರೆ ಮಾತ್ರ ಮೂಲ ಪಠ್ಯಗಳ ನಿಜವಾದ ಬಲ ಕಾಣುತ್ತದೆ. ಅವು ಇಲ್ಲದಿರುವುದನ್ನು ಹೊಗಳುವುದಿಲ್ಲ; ವಶಪಡಿಸಿಕೊಳ್ಳುವುದನ್ನು ನಿಲ್ಲಿಸೆನ್ನುತ್ತವೆ. ಆ ಮಾತು ಬಡವರಿಗಲ್ಲ, ಉಳ್ಳವರಿಗೆ.

ವಲಸೆ ಬಂದು ನೆಲೆ ಕಂಡುಕೊಂಡ ಸಮುದಾಯಕ್ಕೂ ಆ ಮಾತು ತಾಗುತ್ತದೆ. ಮನೆ ಕೊಳ್ಳಬಾರದೆಂಬುದು ಅದರ ಅರ್ಥವಲ್ಲ. ಬಾಡಿಗೆದಾರನ ಅಭದ್ರತೆಯಲ್ಲಿ ಪುಣ್ಯವೇನೂ ಇಲ್ಲ. ಅದು ಕೇಳುವುದು ಒಡೆತನ ಏನು ಮಾಡುತ್ತದೆ ಎಂಬುದನ್ನು. ಕೊಂಡ ಮನೆಯ ಬೆಲೆ ಇಳಿದೀತೆಂದು ಪಕ್ಕದ ಬೀದಿಯಲ್ಲಿ ಬಡವರ ವಸತಿಗೆ ಅಡ್ಡಿ ಮಾಡುವ ಸಭೆಯಲ್ಲಿ ಯಾರು ಕೈ ಎತ್ತುತ್ತಾರೆ? ಸಂಘದ ಚಿಂತನ ಶಿಬಿರದಲ್ಲಿ ಮಾತಾಡುವವರು ಯಾರು, ಅಡುಗೆಮನೆಯಲ್ಲಿ ಉಳಿಯುವವರು ಯಾರು, ಆ ಸರದಿ ಎಂದಾದರೂ ಬದಲಾಗುತ್ತದೆಯೆ? ಯಾರ ಪರವಾಗಿಯೋ ನೋಡಿಕೊಳ್ಳುತ್ತಿದ್ದೇವೆಂದು ಹೇಳುವ ಟ್ರಸ್ಟಿನಲ್ಲಿ ಆ 'ಯಾರೋ' ಎದ್ದು ಲೆಕ್ಕ ಕೇಳಬಹುದೆ? ತಾಯಂದಿರ ಮತ್ತು ಮಕ್ಕಳ ಆ ಕಿರುನಿಯಮಕ್ಕೆ ಪೋಪರ ಮುದ್ರೆಯಾಗಲಿ, ಆಸ್ತಿಪತ್ರವಾಗಲಿ ಬೇಕಿರಲಿಲ್ಲ. ಅದಕ್ಕೆ ಬೇಕಾದದ್ದು ಇಷ್ಟೆ: ಪ್ರಾರ್ಥನೆಗೆ ಕುಳಿತವನು ಸರದಿ ಬಂದಾಗ ಎದ್ದು ಒಲೆಯ ಕಡೆಗೆ ನಡೆಯಬೇಕು.